ಹೃದಯಾಘಾತದ ನಂತರ ರಕ್ತ ಕಡಿಮೆಯಾದರೆ: ಗುಳಿಗೆ ಬಿಡಬೇಡಿ, ಸುಮ್ಮನೆಯೂ ಇರಬೇಡಿ

(ಜುಮಾ ಖುತ್ಬಾದ ಸಂಗ್ರಹ)

ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬ ಮತ್ತು ಸಂಗಾತಿಗಳ ಮೇಲೆ ಸಲಾತ್ ಹಾಗೂ ಸಲಾಮ್.



ಇಂದು ಒಂದು ಕಾಯಿಲೆಯ ಬಗ್ಗೆ ಮಾತನಾಡುತ್ತೇನೆ. ಮಿಂಬರಿನ ಮೇಲೆ ಆಸ್ಪತ್ರೆಯ ಮಾತೇಕೆ ಎಂದು ಕೆಲವರಿಗೆ ಅನಿಸಬಹುದು. ಈ ವಿಷಯದಲ್ಲಿ ನನ್ನಿಂದಲೇ ಒಂದು ತಪ್ಪಾಗಿದೆ. ಅದನ್ನು ಮುಚ್ಚಿಟ್ಟು ನಿಮಗೆ ಉಪದೇಶ ಮಾಡುವುದು ಸರಿಯಲ್ಲ ಎಂದು ತೋರಿದ್ದರಿಂದ ಮೊದಲು ಅದನ್ನೇ ಹೇಳುತ್ತೇನೆ.

ನಮ್ಮ ಜಮಾಅತಿನ ಹಿರಿಯರೊಬ್ಬರು ಸುಬಹ್ ನಮಾಝಿಗೆ ಯಾವತ್ತೂ ಮೊದಲ ಸಫ್‌ನಲ್ಲಿ ಇರುತ್ತಿದ್ದವರು. ಅವರಿಗೆ ಹೃದಯಾಘಾತವಾಗಿ, ಸ್ಟೆಂಟ್ ಹಾಕಿಸಿ ಐದು ತಿಂಗಳಾಗಿತ್ತು. ಒಂದು ದಿನ ಅವರು ಹಿಂದಿನ ಸಾಲಿನ ಕುರ್ಚಿಗೆ ಹೋದರು. ನಮಾಝಿನ ನಂತರ ನನ್ನ ಬಳಿ ಬಂದು, "ಉಸ್ತಾದರೇ, ನಿಂತರೆ ತಲೆ ತಿರುಗುತ್ತದೆ, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ, ಕುಳಿತು ನಮಾಝ್ ಮಾಡಬಹುದಾ?" ಎಂದು ಕೇಳಿದರು. "ಧಾರಾಳವಾಗಿ ಮಾಡಿ ಹಾಜಿಕ. ವಯಸ್ಸಾಯಿತಲ್ಲ, ಇನ್ನು ಹೀಗೆಯೇ. ಸಬರ್ ಮಾಡಿ" ಎಂದೆ. ಕುಳಿತು ನಮಾಝ್ ಮಾಡಬಹುದು ಎಂದದ್ದು ಸರಿಯೇ. ವಯಸ್ಸಾಯಿತು ಎಂದದ್ದು ನನ್ನ ಊಹೆ. ಅವರು ಆ ಊಹೆಯನ್ನೂ ಉಸ್ತಾದರ ಮಾತು ಎಂದು ನಂಬಿ ಮನೆಗೆ ಹೋದರು.

ಹತ್ತು ದಿನಗಳ ನಂತರ ವುಝೂ ಮಾಡುವಲ್ಲಿ ಕುಸಿದು ಬಿದ್ದರು. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿದಾಗ ಹಿಮೋಗ್ಲೋಬಿನ್ 7.2 ಇತ್ತು. ಡಾಕ್ಟರು ಬಿಡಿಸಿ ಬಿಡಿಸಿ ಕೇಳಿದ ಮೇಲೆ ಗೊತ್ತಾಯಿತು, ಮೂರು ವಾರಗಳಿಂದ ಅವರಿಗೆ ಮಲ ಡಾಮರಿನಂತೆ ಕಪ್ಪಾಗಿ ಹೋಗುತ್ತಿತ್ತು. ಅಂಥ ವಿಷಯವನ್ನು ಮಗನಿಗೆ, ಸೊಸೆಗೆ ಹೇಗೆ ಹೇಳುವುದೆಂದು ಸುಮ್ಮನಿದ್ದರು. ಮಂಡಿನೋವಿಗೆ ಮೆಡಿಕಲ್ ಅಂಗಡಿಯಿಂದ ತಂದ ನೋವಿನ ಮಾತ್ರೆಯನ್ನು ದಿನಾಲೂ ನುಂಗುತ್ತಿದ್ದದ್ದೂ ಆಗಲೇ ಹೊರಬಂತು.

ಇದನ್ನು ಕೇಳಿದ ಮಗ ಗಾಬರಿಯಿಂದ, "ಎಲ್ಲ ಆ ಹಾರ್ಟಿನ ಗುಳಿಗೆಯಿಂದ ಆದದ್ದು, ಇವತ್ತೇ ಎಲ್ಲ ನಿಲ್ಲಿಸಿಬಿಡುತ್ತೇನೆ" ಎಂದ. ಡಾಕ್ಟರು ಅವನನ್ನು ಕೂರಿಸಿ, "ಹಾಗೆ ಮಾಡಿದರೆ ನಿಮ್ಮ ತಂದೆಯನ್ನು ಇನ್ನೊಂದು ಬದಿಯಿಂದ ಕಳೆದುಕೊಳ್ಳುತ್ತೀರಿ" ಎಂದು ವಿವರಿಸಿದರು. ಅಲ್ಲಾಹನ ಕೃಪೆಯಿಂದ ಹಾಜಿಕ ಈಗ ಗುಣವಾಗಿದ್ದಾರೆ. ಹೆಸರು ಹೇಳದೆ ಇದನ್ನು ತಿಳಿಸಲು ಅವರೇ ಅನುಮತಿ ಕೊಟ್ಟಿದ್ದಾರೆ. ಆ ದಿನ ನಾನು ಕೇಳಿ ಕಲಿತದ್ದನ್ನು, ನಂತರ ಓದಿ ತಿಳಿದದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ಈ ಗುಳಿಗೆಗಳು ಏಕೆ?

ಡೆಂಗೆ ಜ್ವರದ ಕಾಲದಲ್ಲಿ ಪ್ಲೇಟ್‌ಲೆಟ್ ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಗಾಯವಾದಾಗ ಓಡಿಬಂದು ಒಂದಕ್ಕೊಂದು ಅಂಟಿಕೊಂಡು ರಕ್ತ ಸೋರುವುದನ್ನು ತಡೆಯುವ ಸೂಕ್ಷ್ಮ ಕಣಗಳು ಅವು. ಅಲ್ಲಾಹನು ನಮ್ಮ ರಕ್ಷಣೆಗೆ ಇಟ್ಟ ವ್ಯವಸ್ಥೆ. ಆದರೆ ಹೃದಯದ ರಕ್ತನಾಳದ ಒಳಗೋಡೆಯಲ್ಲಿ ಕೊಬ್ಬು ಶೇಖರವಾಗಿ, ಅದು ಒಂದು ದಿನ ಬಿರುಕು ಬಿಟ್ಟರೆ, ಪ್ಲೇಟ್‌ಲೆಟ್‌ಗಳು ಅದನ್ನೂ ಗಾಯವೆಂದೇ ತಿಳಿದು ಮುತ್ತಿಕೊಳ್ಳುತ್ತವೆ. ಅಲ್ಲಿ ಹೆಪ್ಪುಗಟ್ಟಿ ನಾಳ ಮುಚ್ಚುತ್ತದೆ. ಹೆಚ್ಚಿನ ಹೃದಯಾಘಾತಗಳು ಆಗುವುದು ಹೀಗೆ.

ಮುಚ್ಚಿದ ನಾಳವನ್ನು ತೆರೆದು ಅಲ್ಲಿ ಇಡುವ ಲೋಹದ ಜಾಲರಿಯೇ ಸ್ಟೆಂಟ್. ನಮ್ಮ ಶರೀರ ಆ ಜಾಲರಿಯ ಮೇಲೆ ಮೆಲ್ಲಮೆಲ್ಲನೆ ತನ್ನ ಪೊರೆಯನ್ನು ಹೊದಿಸಬೇಕು. ಅದಕ್ಕೆ ತಿಂಗಳುಗಳು ಬೇಕು. ಅಲ್ಲಿಯವರೆಗೆ ಪ್ಲೇಟ್‌ಲೆಟ್‌ಗಳು ಆ ಲೋಹಕ್ಕೆ ಅಂಟಿಕೊಂಡು ನಾಳವನ್ನು ಮತ್ತೆ ಮುಚ್ಚುವ ಭಯವಿದೆ. ಮೊದಲ ತಿಂಗಳಲ್ಲಂತೂ ಈ ಭಯ ಹೆಚ್ಚು. ಆದ್ದರಿಂದ ಎರಡು ಗುಳಿಗೆ ಕೊಡುತ್ತಾರೆ. ಒಂದು ಆಸ್ಪಿರಿನ್, ನಮ್ಮಲ್ಲಿ ಸಾಮಾನ್ಯವಾಗಿ 75 ಮಿಲಿಗ್ರಾಂ. ಇನ್ನೊಂದು ಕ್ಲೋಪಿಡೋಗ್ರೆಲ್, ಟಿಕಾಗ್ರೆಲಾರ್ ಅಥವಾ ಪ್ರಾಸುಗ್ರೆಲ್. ಕೆಲವೊಮ್ಮೆ ಎರಡು ಮದ್ದುಗಳೂ ಒಂದೇ ಗುಳಿಗೆಯಲ್ಲಿರುತ್ತವೆ. ಜನ ಇವನ್ನು ರಕ್ತ ತೆಳುಮಾಡುವ ಗುಳಿಗೆ ಎನ್ನುತ್ತಾರೆ. ನಿಜವಾಗಿ ಇವು ರಕ್ತಕ್ಕೆ ನೀರು ಬೆರೆಸಿದಂತೆ ಅದನ್ನು ತೆಳುಮಾಡುವುದಿಲ್ಲ, ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟದಂತೆ ಮಾಡುತ್ತವೆ. ಹೃದಯಾಘಾತದ ನಂತರ ಸಾಮಾನ್ಯವಾಗಿ ಒಂದು ವರ್ಷ ಎರಡೂ ಬೇಕು, ಆಮೇಲೆ ಹೆಚ್ಚಿನವರಿಗೆ ಒಂದು ಗುಳಿಗೆ ಮುಂದುವರಿಯುತ್ತದೆ. ರಕ್ತಸ್ರಾವದ ಅಪಾಯ ಹೆಚ್ಚಿರುವವರಿಗೆ ಡಾಕ್ಟರು ಈ ಅವಧಿಯನ್ನು ಕಡಿಮೆ ಮಾಡುವುದೂ ಉಂಟು.

ಇವುಗಳ ಲಾಭ ಸಣ್ಣದಲ್ಲ. 1988ರಲ್ಲಿ ಪ್ರಕಟವಾದ ಐಸಿಸ್-2 ಎಂಬ ಅಧ್ಯಯನದಲ್ಲಿ ಹೃದಯಾಘಾತವಾದ 17,187 ಮಂದಿ ಇದ್ದರು. ಒಂದು ತಿಂಗಳು ದಿನಕ್ಕೊಂದು ಆಸ್ಪಿರಿನ್ ಕೊಟ್ಟದ್ದರಿಂದಲೇ ಹೃದಯ ಮತ್ತು ರಕ್ತನಾಳದ ಕಾರಣದ ಸಾವು ನೂರಕ್ಕೆ 23ರಷ್ಟು ತಗ್ಗಿತು. 2001ರಲ್ಲಿ ಕ್ಯೂರ್ ಎಂಬ ಇನ್ನೊಂದು ಅಧ್ಯಯನ 12,562 ಮಂದಿಯಲ್ಲಿ ನಡೆಯಿತು. ಆಸ್ಪಿರಿನ್ ಮಾತ್ರ ಪಡೆದ ಸಾವಿರ ಮಂದಿಯಲ್ಲಿ 114 ಮಂದಿಗೆ ಹೃದಯಾಘಾತ, ಪಾರ್ಶ್ವವಾಯು ಅಥವಾ ಹೃದಯ ಸಂಬಂಧಿ ಮರಣ ಸಂಭವಿಸಿತು. ಜೊತೆಗೆ ಕ್ಲೋಪಿಡೋಗ್ರೆಲ್ ಪಡೆದವರಲ್ಲಿ ಅದು 93ಕ್ಕೆ ಇಳಿಯಿತು. ಆದರೆ ಅದೇ ಅಧ್ಯಯನದಲ್ಲಿ ದೊಡ್ಡ ರಕ್ತಸ್ರಾವವಾದವರು ಸಾವಿರಕ್ಕೆ 27ರಿಂದ 37ಕ್ಕೆ ಏರಿದರು. ಗುಳಿಗೆಯಿಂದ ಲಾಭವೂ ಇದೆ, ಬೆಲೆಯೂ ಇದೆ. ಲಾಭ ದೊಡ್ಡದು. ಬೆಲೆಯ ಮೇಲೆ ಕಣ್ಣಿಡುವ ಕೆಲಸ ಮನೆಯವರದು.

ರಕ್ತ ಎಲ್ಲಿಗೆ ಹೋಗುತ್ತದೆ?

ನಮ್ಮ ಹೊಟ್ಟೆಯಲ್ಲಿ ತೀಕ್ಷ್ಣವಾದ ಆಮ್ಲವಿದೆ. ಅದು ಹೊಟ್ಟೆಯ ಗೋಡೆಯನ್ನೇ ಸುಡದಂತೆ ಒಂದು ಲೋಳೆಯ ಪದರ ಕಾಯುತ್ತದೆ. ಆ ಪದರ ಉಳಿಯಲು ಬೇಕಾದ ರಾಸಾಯನಿಕವೊಂದನ್ನು ಆಸ್ಪಿರಿನ್ ಕಡಿಮೆ ಮಾಡುತ್ತದೆ. ಊಟದ ನಂತರ ನುಂಗಿದರೂ ಈ ಅಪಾಯ ಪೂರ್ತಿ ಹೋಗುವುದಿಲ್ಲ, ಏಕೆಂದರೆ ಮದ್ದು ರಕ್ತದ ಮೂಲಕವೂ ಅಲ್ಲಿಗೆ ತಲುಪುತ್ತದೆ. ಪದರ ಸವೆದಲ್ಲಿ ಹುಣ್ಣಾಗುತ್ತದೆ. ಪ್ಲೇಟ್‌ಲೆಟ್‌ಗಳು ಕೆಲಸ ಮಾಡದಿರುವುದರಿಂದ ಅಲ್ಲಿಂದ ರಕ್ತ ಹನಿಹನಿಯಾಗಿ ಸೋರುತ್ತಲೇ ಇರುತ್ತದೆ. ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಹೊಟ್ಟೆಯಲ್ಲಿದ್ದರೆ ಅಪಾಯ ಇನ್ನೂ ಹೆಚ್ಚು.

ಎಲ್ಲ ರಕ್ತಹೀನತೆಗೂ ಗುಳಿಗೆಯೇ ಕಾರಣವಲ್ಲ. ಹಲವರಿಗೆ ಅದು ಹೃದಯಾಘಾತಕ್ಕೆ ಮೊದಲೇ ಇರುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ನೂರಕ್ಕೆ 57, ಪುರುಷರಲ್ಲಿ ನೂರಕ್ಕೆ 25 ಮಂದಿಗೆ ರಕ್ತಹೀನತೆಯಿದೆ. ಕಿಡ್ನಿ ದುರ್ಬಲವಾದರೆ ರಕ್ತ ಉತ್ಪಾದನೆ ಕುಗ್ಗುತ್ತದೆ. ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತೆಗೆದುಕೊಂಡವರಲ್ಲಿ ವಿಟಮಿನ್ ಬಿ12 ಕಡಿಮೆಯಾಗಬಹುದು. ವಯಸ್ಸಾದವರಲ್ಲಿ ಕರುಳಿನ ಗಡ್ಡೆಯೂ ಮೊದಲು ರಕ್ತಹೀನತೆಯಾಗಿ ಕಾಣಿಸಿಕೊಳ್ಳಬಹುದು. ಆದ್ದರಿಂದಲೇ ಕಾರಣ ಹುಡುಕದೆ ಬರೇ ಟಾನಿಕ್ ಕುಡಿದು ಕೂರಬಾರದು.

ಹೃದಯಕ್ಕೆ ಏನಾಗುತ್ತದೆ?

ಪುರುಷರಲ್ಲಿ ಹಿಮೋಗ್ಲೋಬಿನ್ ಡೆಸಿಲೀಟರಿಗೆ 13 ಗ್ರಾಂಗಿಂತ, ಗರ್ಭಿಣಿಯಲ್ಲದ ಮಹಿಳೆಯರಲ್ಲಿ 12 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸ್ಟೆಂಟ್ ಹಾಕಿಸಿಕೊಂಡವರಲ್ಲಿ ಅದು 11ಕ್ಕಿಂತ ಕೆಳಗಿದ್ದರೆ, ರಕ್ತಸ್ರಾವದ ಅಪಾಯ ಹೆಚ್ಚಿರುವವರ ಸಾಲಿನಲ್ಲಿ ಹೃದಯ ತಜ್ಞರು ಅವರನ್ನು ಎಣಿಸುತ್ತಾರೆ.

ಹಿಮೋಗ್ಲೋಬಿನ್ ಎಂದರೆ ಆಮ್ಲಜನಕವನ್ನು ಹೊತ್ತೊಯ್ಯುವ ಗಾಡಿ. ಗಾಡಿಗಳು ಅರ್ಧವಾದರೆ ಅದೇ ಸರಕು ಸಾಗಿಸಲು ಎರಡರಷ್ಟು ಸಲ ಓಡಬೇಕು. ಹೃದಯ ಬೇಗ ಬೇಗ ಬಡಿಯುತ್ತದೆ. ಬೇಗ ಬಡಿದಷ್ಟೂ ಹೃದಯದ ಸ್ನಾಯುವಿಗೇ ಹೆಚ್ಚು ಆಮ್ಲಜನಕ ಬೇಕು. ಆದರೆ ಅದಕ್ಕೆ ಬರುವ ರಕ್ತದಲ್ಲೇ ಆಮ್ಲಜನಕ ಕಡಿಮೆ, ಬರುವ ದಾರಿಯೂ ಕಿರಿದು. ಒಮ್ಮೆ ಪೆಟ್ಟು ತಿಂದ ಹೃದಯ ಇದನ್ನು ಬಹಳ ದಿನ ತಾಳಲಾರದು. ಏದುಸಿರು, ಆಯಾಸ, ಎದೆಬಡಿತ, ತಲೆಸುತ್ತು, ಮುಖ ಬಿಳುಚುವುದು, ಕೆಲವೊಮ್ಮೆ ಎದೆನೋವು ಇವೆಲ್ಲ ಅದರ ಕೂಗು. ನಮ್ಮ ಹಾಜಿಕ ಈ ಲಕ್ಷಣಗಳಲ್ಲಿ ಎರಡನ್ನು ನನಗೆ ಬಾಯಿಬಿಟ್ಟು ಹೇಳಿದ್ದರು.

ಗುಳಿಗೆ ಏಕೆ ಬಿಡಬಾರದು?

ಆಸ್ಪಿರಿನ್ ಮತ್ತು ಕ್ಲೋಪಿಡೋಗ್ರೆಲ್ ಒಂದು ಪ್ಲೇಟ್‌ಲೆಟ್ಟನ್ನು ತಟ್ಟಿದರೆ ಅದು ಸಾಯುವವರೆಗೆ ಹಾಗೆಯೇ ಇರುತ್ತದೆ. ಅದರ ಆಯುಷ್ಯ 7ರಿಂದ 10 ದಿನ. ಅಂದರೆ ಇವತ್ತು ಗುಳಿಗೆ ಬಿಟ್ಟರೆ ಇವತ್ತೇ ರಕ್ತಸ್ರಾವ ನಿಲ್ಲುವುದಿಲ್ಲ. ಆದರೆ ಒಂದು ವಾರ ಕಳೆಯುವಷ್ಟರಲ್ಲಿ ಹೊಸ ಪ್ಲೇಟ್‌ಲೆಟ್‌ಗಳು ತುಂಬಿ, ಸ್ಟೆಂಟಿಗೆ ಇದ್ದ ರಕ್ಷಣೆ ಹೋಗಿರುತ್ತದೆ. ಹೊಟ್ಟೆಯ ಹುಣ್ಣು ಹಾಗೆಯೇ ಉಳಿದು, ಸ್ಟೆಂಟ್ ಮುಚ್ಚಿಹೋಗುವ ಭಯ ಅದರ ಜೊತೆ ಸೇರುತ್ತದೆ. ಸ್ಟೆಂಟ್ ಹಠಾತ್ತಾಗಿ ಮುಚ್ಚಿದರೆ ಆಗುವ ಹೃದಯಾಘಾತ ಬಹಳ ಮಾರಕ.

ಹಾಜಿಕರ ವಿಷಯದಲ್ಲಿ ಹೃದಯದ ಡಾಕ್ಟರೂ ಹೊಟ್ಟೆಯ ಡಾಕ್ಟರೂ ಕೂಡಿ ತೀರ್ಮಾನಿಸಿದರು. ರಕ್ತ ಕೊಟ್ಟರು. ಬಾಯಿಯ ಮೂಲಕ ಕ್ಯಾಮೆರಾ ನಳಿಗೆ ಇಳಿಸಿ ನೋಡುವ ಎಂಡೋಸ್ಕೋಪಿಯಲ್ಲಿ ಹುಣ್ಣು ಕಂಡಿತು, ಅದಕ್ಕೆ ಚಿಕಿತ್ಸೆಯಾಯಿತು. ಎರಡರಲ್ಲಿ ಒಂದು ಗುಳಿಗೆ ನಿಲ್ಲಿಸಿ ಇನ್ನೊಂದನ್ನು ಮುಂದುವರಿಸಿದರು. ಯಾವುದನ್ನು ನಿಲ್ಲಿಸಬೇಕು, ಎಷ್ಟು ದಿನ ಎಂಬುದು ಒಬ್ಬೊಬ್ಬರಿಗೆ ಒಂದೊಂದು ತೆರ. ಇದು ಮನೆಯಲ್ಲಿ ಮಾಡುವ ತೀರ್ಮಾನವಲ್ಲ, ಮಸೀದಿಯಲ್ಲಿ ಮಾಡುವ ತೀರ್ಮಾನವೂ ಅಲ್ಲ.

ಹುಣ್ಣಾಗದಂತೆ ಕಾಯಲು ಪ್ಯಾಂಟೊಪ್ರಜೋಲ್‌ನಂಥ ಗುಳಿಗೆಯನ್ನೂ ಡಾಕ್ಟರು ಬರೆದುಕೊಟ್ಟಿರುತ್ತಾರೆ. "ಅದು ಗ್ಯಾಸಿನ ಗುಳಿಗೆ ಅಲ್ಲವಾ, ನನಗೆ ಗ್ಯಾಸ್ ಇಲ್ಲ" ಎಂದು ಅದನ್ನು ಬಿಟ್ಟುಬಿಡುವವರು ಅನೇಕ. ಅದು ನಿಮ್ಮ ಹೊಟ್ಟೆಯ ಕಾವಲುಗಾರ. ಅದರ ಬದಲಿಗೆ ಅಂಗಡಿಯವರು ಕೊಟ್ಟ ಒಮೆಪ್ರಜೋಲ್ ತಿನ್ನುವುದೂ ಸರಿಯಲ್ಲ, ಅದು ಕ್ಲೋಪಿಡೋಗ್ರೆಲ್‌ನ ಕೆಲಸವನ್ನು ಕುಗ್ಗಿಸುತ್ತದೆ.

ನಮ್ಮ ಮನೆಗಳ ಕೆಲವು ರೂಢಿಗಳು

ಒಂದು, ನೋವಿನ ಮಾತ್ರೆ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಮುಂತಾದವು ಆಸ್ಪಿರಿನ್ ಜೊತೆ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯ ಹಲವು ಪಟ್ಟು ಏರುತ್ತದೆ. ಇವು ಹೃದಯಕ್ಕೂ ಒಳ್ಳೆಯದಲ್ಲ. ಮೆಡಿಕಲ್ ಅಂಗಡಿಯಲ್ಲಿ ನೋವಿಗೆ ಮದ್ದು ಕೇಳುವಾಗ "ನನಗೆ ಸ್ಟೆಂಟ್ ಇದೆ, ಆಸ್ಪಿರಿನ್ ತಿನ್ನುತ್ತೇನೆ" ಎಂದು ಹೇಳಿರಿ. ಪ್ಯಾರಸಿಟಮಾಲ್ ಇವುಗಳಿಗಿಂತ ವಾಸಿ, ಅದರ ಪ್ರಮಾಣವನ್ನೂ ಡಾಕ್ಟರಲ್ಲಿ ಕೇಳಿರಿ.

ಎರಡು, ಹಿಜಾಮಾ. ಪ್ರವಾದಿ(ಸ)ರು ಹಿಜಾಮಾ ಮಾಡಿಸಿಕೊಂಡದ್ದು ನಿಜ, ಅದರ ಬಗ್ಗೆ ನಮಗೆ ಗೌರವವಿದೆ. ಆದರೆ ಚರ್ಮ ಗೀರಿ ರಕ್ತ ತೆಗೆಯುವ ಕ್ರಮವದು. ಪ್ಲೇಟ್‌ಲೆಟ್ ಕೆಲಸ ಮಾಡದಂತೆ ಎರಡು ಮದ್ದು ತಿನ್ನುತ್ತಿರುವ, ಮೊದಲೇ ರಕ್ತ ಕಡಿಮೆಯಿರುವ ವ್ಯಕ್ತಿಯಿಂದ ಇನ್ನಷ್ಟು ರಕ್ತ ತೆಗೆಯುವುದು ಸುನ್ನತ್ತಿನ ಹೆಸರಿನಲ್ಲಿ ಹಾನಿ ಮಾಡಿದಂತೆ. ಇಂಥವರು ಹೃದಯದ ಡಾಕ್ಟರ ಒಪ್ಪಿಗೆ ಇಲ್ಲದೆ ಮಾಡಿಸಬಾರದು, ಮಾಡುವವರೂ ಮೊದಲು ಯಾವ ಗುಳಿಗೆ ತಿನ್ನುತ್ತೀರಿ ಎಂದು ಕೇಳಬೇಕು. ಕರಿಜೀರಿಗೆ ಎಣ್ಣೆ, ಗಿಡಮೂಲಿಕೆ ಪುಡಿ ಏನೇ ತೆಗೆದುಕೊಳ್ಳುತ್ತಿದ್ದರೂ ಡಾಕ್ಟರಿಗೆ ತಿಳಿಸಿ.

ಮೂರು, ಚಹಾ. ಊಟವಾದ ಕೂಡಲೇ ಚಹಾ ಕುಡಿದರೆ ಅದರ ಒಗರು ಅಂಶ ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣವನ್ನು ಶರೀರಕ್ಕೆ ಸೇರಲು ಬಿಡುವುದಿಲ್ಲ. ಒಂದೆರಡು ಗಂಟೆ ಬಿಟ್ಟು ಕುಡಿಯಿರಿ. ಊಟದ ಜೊತೆ ಲಿಂಬೆ, ನೆಲ್ಲಿಕಾಯಿ, ಪೇರಳೆ ಇದ್ದರೆ ಕಬ್ಬಿಣ ಚೆನ್ನಾಗಿ ಸೇರುತ್ತದೆ. ಮಾಂಸ, ಮೀನು, ಮರುವಾಯಿಯ ಕಬ್ಬಿಣ ಶರೀರಕ್ಕೆ ಸುಲಭವಾಗಿ ಒಗ್ಗುತ್ತದೆ. ಹುರುಳಿ, ನುಗ್ಗೆಸೊಪ್ಪು, ರಾಗಿಯೂ ಒಳ್ಳೆಯದು. ಖರ್ಜೂರ ಬರ್ಕತ್ತಿನ ಆಹಾರ, ಆದರೆ 7ಕ್ಕೆ ಇಳಿದ ಹಿಮೋಗ್ಲೋಬಿನ್ ಖರ್ಜೂರದಿಂದ ಏರುವುದಿಲ್ಲ. ಅಂಥವರಿಗೆ ಕಬ್ಬಿಣದ ಗುಳಿಗೆಯೋ ಇಂಜೆಕ್ಷನ್ನೋ ಬೇಕು, ಹಿಮೋಗ್ಲೋಬಿನ್ ಸರಿಯಾದ ಮೇಲೂ ಸುಮಾರು ಮೂರು ತಿಂಗಳು ಮುಂದುವರಿಸಬೇಕಾಗುತ್ತದೆ.

ನಾಲ್ಕು, ಕ್ಯಾಪ್ಸೂಲ್‌ನ ಸಂಶಯ. ಅದರ ಹೊದಿಕೆ ಹಲಾಲ್ ಹೌದೋ ಅಲ್ಲವೋ ಎಂದು ಅನುಮಾನಪಟ್ಟು ಮದ್ದನ್ನೇ ಬಿಟ್ಟವರಿದ್ದಾರೆ. ಅನುಮಾನವಿದ್ದರೆ ಅದೇ ಮದ್ದು ಮಾತ್ರೆಯ ರೂಪದಲ್ಲಿ ಸಿಗುತ್ತದೆಯೇ ಎಂದು ಡಾಕ್ಟರಲ್ಲಿ ಕೇಳಿರಿ. ಬದಲಿ ಇಲ್ಲದಾಗ, ಪ್ರಾಣ ಉಳಿಸುವ ಅನಿವಾರ್ಯಕ್ಕೆ ಶರೀಅತ್ ರಿಯಾಯಿತಿ ಕೊಟ್ಟಿದೆ. ಕೇಳುವ ಮೊದಲು ಒಂದು ದಿನವೂ ಮದ್ದು ಬಿಡಬೇಡಿ.

ಐದು, ಉಪವಾಸ. ರೋಗಿಗೆ ಬೇರೆ ದಿನಗಳಲ್ಲಿ ಉಪವಾಸ ಪೂರ್ತಿ ಮಾಡುವ ಅವಕಾಶವನ್ನು ಕುರ್‌ಆನ್ ಸೂರಃ ಅಲ್ ಬಕರದಲ್ಲೇ ನೀಡಿದೆ. ಗುಣವಾಗುವ ನಿರೀಕ್ಷೆಯಿಲ್ಲದವರಿಗೆ ಫಿದ್ಯಾ ಇದೆ. ಸ್ಥಿತಿ ಸ್ಥಿರವಾಗಿರುವವರು ಡಾಕ್ಟರನ್ನು ಕೇಳಿ ಗುಳಿಗೆಗಳನ್ನು ಇಫ್ತಾರ್ ಮತ್ತು ಸಹರಿಗೆ ಹೊಂದಿಸಿಕೊಳ್ಳಬಹುದು. ಟಿಕಾಗ್ರೆಲಾರ್ ದಿನಕ್ಕೆ ಎರಡು ಸಲ ತೆಗೆದುಕೊಳ್ಳುವ ಗುಳಿಗೆ, ಒಂದು ಹೊತ್ತು ತಪ್ಪಿದರೂ ನಷ್ಟ. ಹಿಮೋಗ್ಲೋಬಿನ್ ತೀರಾ ಇಳಿದಿರುವಾಗ, ಹೊಟ್ಟೆಯಲ್ಲಿ ಹುಣ್ಣಿರುವಾಗ ಹಟ ಮಾಡಿ ಉಪವಾಸ ಹಿಡಿಯುವುದು ತಕ್ವಾ ಅಲ್ಲ.

ಮನೆಯವರು ಏನು ನೋಡಬೇಕು?

ಮಲ ಕಪ್ಪಾಗಿ, ಅಂಟಂಟಾಗಿ, ದುರ್ವಾಸನೆಯಿಂದ ಕೂಡಿದ್ದರೆ ಒಳಗೆ ರಕ್ತ ಸೋರುತ್ತಿದೆ ಎಂದು ತಿಳಿಯಿರಿ. ಕಬ್ಬಿಣದ ಗುಳಿಗೆ ತಿನ್ನುವವರ ಮಲವೂ ಕಪ್ಪಾಗುತ್ತದೆ, ಆದರೆ ಸಾಮಾನ್ಯವಾಗಿ ಡಾಮರಿನಂತೆ ಅಂಟುವುದಿಲ್ಲ. ಅನುಮಾನವಿದ್ದರೆ ತೋರಿಸಿ. ಕಾಫಿ ಪುಡಿಯಂಥ ವಾಂತಿ, ತಲೆಸುತ್ತಿ ಬೀಳುವುದು, ಕುಳಿತಲ್ಲೇ ಏದುಸಿರು, ಎದೆನೋವು ಇದ್ದರೆ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಕರೆ ಮಾಡಿ. ಗುಳಿಗೆ ಚೀಟಿ ಜೊತೆಗಿರಲಿ.

ಹೃದಯಾಘಾತವಾದವರಿಗೆ ಪ್ರತಿ ಭೇಟಿಯಲ್ಲಿ ಹಿಮೋಗ್ಲೋಬಿನ್ ಎಷ್ಟಿದೆ ಎಂದು ಕೇಳಿ, ಬರೆದಿಟ್ಟುಕೊಳ್ಳಿ. ಕಳೆದ ಸಲ 13 ಇದ್ದದ್ದು ಈ ಸಲ 11 ಆಗಿದ್ದರೆ ಆ ಇಳಿತವೇ ಒಂದು ಸುದ್ದಿ. ಕಡಿಮೆಯಿದ್ದರೆ ಫೆರಿಟಿನ್, ಬಿ12, ಕಿಡ್ನಿಯ ಪರೀಕ್ಷೆಗಳಿಂದ ಕಾರಣ ತಿಳಿಯಬಹುದು. ಗುಳಿಗೆ ದುಬಾರಿಯೆಂದು ದಿನ ಬಿಟ್ಟು ದಿನ ತಿನ್ನುವವರು ಜನೌಷಧಿ ಕೇಂದ್ರದಲ್ಲಿ ವಿಚಾರಿಸಲಿ. ಜಮಾಅತಿನವರಿಗೂ ಒಂದು ಮಾತು: ಯಾರ ಮನೆಯಲ್ಲಾದರೂ ಹಣವಿಲ್ಲದೆ ಈ ಗುಳಿಗೆ ನಿಲ್ಲುತ್ತಿದೆಯೆಂದರೆ ಅದು ನಮ್ಮೆಲ್ಲರ ಹೊಣೆ.

ಸಹೋದರಿಯರಿಗೆ ಒಂದು ವಿಷಯ. ಈ ಗುಳಿಗೆ ತಿನ್ನುವಾಗ ಮುಟ್ಟಿನ ರಕ್ತಸ್ರಾವ ಹೆಚ್ಚಾಗಬಹುದು, ಅದರಿಂದಲೂ ರಕ್ತ ಇಳಿಯುತ್ತದೆ. ನಾಚಿಕೆಯಿಂದ ಮುಚ್ಚಿಡಬೇಡಿ. ದೀನಿನ ವಿಷಯ ಕೇಳಿ ತಿಳಿಯಲು ನಾಚಿಕೆಯನ್ನು ಅಡ್ಡಬರಲು ಬಿಡದ ಅನ್ಸಾರಿ ಮಹಿಳೆಯರನ್ನು ಆಯಿಶಾ(ರ) ಹೊಗಳಿದ್ದರು. ಪ್ರಾಣದ ವಿಷಯದಲ್ಲೂ ಆ ಧೈರ್ಯ ಬೇಕು. ಗಂಡಸರಿಗೂ ಈ ಮಾತು ಸಲ್ಲುತ್ತದೆ.

ಕೇಳುವುದೇ ಮದ್ದು

ಪ್ರವಾದಿ(ಸ)ರ ಕಾಲದ ಒಂದು ಘಟನೆ ಅಬೂದಾವೂದ್ ಹದೀಸ್ ಸಂಗ್ರಹದಲ್ಲಿದೆ. ಪ್ರಯಾಣದಲ್ಲಿ ಒಬ್ಬರ ತಲೆಗೆ ಕಲ್ಲು ಬಡಿದು ಗಾಯವಾಯಿತು. ಆ ರಾತ್ರಿ ಅವರಿಗೆ ಸ್ನಾನ ಕಡ್ಡಾಯವಾಯಿತು. ತಯಮ್ಮುಮ್ ಮಾಡಬಹುದೇ ಎಂದು ಜೊತೆಯವರನ್ನು ಕೇಳಿದರು. ನೀರಿದೆಯಲ್ಲ, ರಿಯಾಯಿತಿ ಇಲ್ಲ ಎಂದರು ಅವರು. ಆತ ಸ್ನಾನ ಮಾಡಿ ತೀರಿಕೊಂಡರು. ಇದು ಪ್ರವಾದಿ(ಸ)ರಿಗೆ ತಿಳಿದಾಗ ಬಹಳ ನೊಂದುಕೊಂಡರು. ಆ ಮನುಷ್ಯನ ಸಾವಿಗೆ ಜೊತೆಯವರೇ ಕಾರಣರೆಂದರು, ಗೊತ್ತಿಲ್ಲದಿದ್ದಾಗ ಕೇಳಬೇಕಿತ್ತು, ಅಜ್ಞಾನಕ್ಕೆ ಕೇಳುವುದೇ ಮದ್ದು ಎಂದು ತಿಳಿಹೇಳಿದರು.

ಈ ಹದೀಸನ್ನು ನಾನು ಮದ್ರಸದಲ್ಲಿ ಓದಿದ್ದೆ, ಮಕ್ಕಳಿಗೆ ಕಲಿಸಿಯೂ ಇದ್ದೆ. ಹಾಜಿಕರಿಗೆ ವಯಸ್ಸಾಯಿತು ಎಂದ ದಿನ ಅದು ನೆನಪಿಗೆ ಬರಲಿಲ್ಲ. ಆಸ್ಪತ್ರೆಯ ವರಾಂಡದಲ್ಲಿ ಕುಳಿತಿದ್ದಾಗ ನೆನಪಾಯಿತು. ಈಗ ಯಾರಾದರೂ ಕುಳಿತು ನಮಾಝ್ ಮಾಡಬಹುದೇ ಎಂದು ಕೇಳಿದರೆ ಅನುಮತಿ ಹೇಳಿದ ನಂತರ ಇನ್ನೊಂದು ಪ್ರಶ್ನೆ ಕೇಳುತ್ತೇನೆ: "ಯಾಕೆ ನಿಲ್ಲಲಾಗುತ್ತಿಲ್ಲ? ಡಾಕ್ಟರಿಗೆ ತೋರಿಸಿದಿರಾ?"

ಒಂಟೆಯನ್ನು ಕಟ್ಟಿ, ನಂತರ ಅಲ್ಲಾಹನ ಮೇಲೆ ಭರವಸೆ ಇಡಬೇಕೆಂದು ಪ್ರವಾದಿ(ಸ)ರು ಕಲಿಸಿದ್ದಾರೆ. ಗುಳಿಗೆ ತಪ್ಪದೆ ತಿನ್ನುವುದು, ರಕ್ತ ಪರೀಕ್ಷೆ ಮಾಡಿಸುವುದು, ನಾಚದೆ ಹೇಳುವುದು ಇವೆಲ್ಲ ಒಂಟೆ ಕಟ್ಟುವ ಕೆಲಸ. ಶಿಫಾ ಅಲ್ಲಾಹನ ಕೈಯಲ್ಲಿದೆ.

ಇಂದು ಮನೆಗೆ ಹೋದಾಗ ಹಿರಿಯರ ಬಳಿ ಒಂದು ಗಳಿಗೆ ಕುಳಿತುಕೊಳ್ಳಿ. ಅವರ ಗುಳಿಗೆ ಡಬ್ಬಿ ತೆರೆದು ನೋಡಿ. ಈಚೆಗೆ ಸುಸ್ತಾಗುತ್ತಿದೆಯೇ ಎಂದು ಮೆಲ್ಲಗೆ ವಿಚಾರಿಸಿ. ಅಲ್ಲಾಹನು ನಮ್ಮ ರೋಗಿಗಳಿಗೆಲ್ಲ ಪೂರ್ಣ ಶಿಫಾ ನೀಡಲಿ, ಅರಿಯದೆ ಆಡಿದ ನಮ್ಮ ಮಾತುಗಳನ್ನು ಕ್ಷಮಿಸಲಿ. ಆಮೀನ್.